ವಿಷಯ: 9 ಮೀಟರ್ ಆಳದ ನೀರಿಗೆ ಕೊಟ್ಟ ತಪ್ಪು ಪಂಪು ವಾಪಸ್ ತೆಗೆದುಕೊಳ್ಳಿ

ನಮಸ್ಕಾರ,

ನಿಮ್ಮಿಂದ ತಂದ 1 ಎಚ್‌ಪಿ ಮೋನೋಬ್ಲಾಕ್ ಪಂಪು ಮೂರು ವಾರದಿಂದ ಬಾವಿ ಪಕ್ಕ ಕೂತು ಸದ್ದು ಮಾಡುತ್ತಿದೆ, ನೀರು ಮಾತ್ರ ಇಲ್ಲ. ಬಂದರೂ ಐದು ನಿಮಿಷ, ಕಿರುಬೆರಳಿನಷ್ಟು ದಪ್ಪ. ಆಮೇಲೆ ಒಳಗೆ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಗರಗರ ಶಬ್ದ.

ಪಂಪಿನಿಂದ ನೀರಿಗೆ 9 ಮೀಟರ್ ಅಂತ ಆರ್ಡರ್ ಫಾರಂನಲ್ಲಿ ನಾನೇ ಬರೆದುಕೊಟ್ಟಿದ್ದೆ. ಸೇಲ್ಸ್‌ನವರು ಪೆಟ್ಟಿಗೆ ಮೇಲಿನ ‘ಹೆಡ್ 30 ಮೀಟರ್’ (ಪಂಪು ನೀರನ್ನು ಎಷ್ಟು ಎತ್ತರಕ್ಕೆ ತಳ್ಳಬಲ್ಲದು ಅನ್ನುವ ಲೆಕ್ಕ) ತೋರಿಸಿ, ಆರಾಮಾಗಿ ಎಳೆಯುತ್ತೆ ಅಂದರು. ನಂಬಿದೆ, ಅದು ನನ್ನ ತಪ್ಪು. ಹೆಡ್ ಎಷ್ಟೇ ಇರಲಿ, ಕೆಳಗಿನಿಂದ ಎಳೆಯುವುದಕ್ಕೆ ಬೇರೆಯೇ ಮಿತಿ ಇದೆ ಅಂತ ಪಂಪು ಮಾರುವವರಿಗೆ ಗೊತ್ತಿರಬೇಕಲ್ವಾ?

ಮೊದಲು ಬಂದ ಟೆಕ್ನಿಷಿಯನ್ ಫುಟ್‌ವಾಲ್ವ್ (ನೀರು ವಾಪಸ್ ಇಳಿಯದಂತೆ ಪೈಪಿನ ಕೆಳತುದಿಯಲ್ಲಿ ತಡೆಯುವ ವಾಲ್ವ್) ಸೋರುತ್ತಿದೆ ಅಂತ ಹೊಸದು ಹಾಕಿ, ಪೈಪಿಗೆ ನೀರು ತುಂಬಿಸಿ ಹೋದರು. ಎರಡನೆಯವರು 2 ಎಚ್‌ಪಿ ಹಾಕಿಸಿ ಅಂದರು. ಇದನ್ನು ಕೇಳಿ ಸಿಟ್ಟು ಬಂತು. ಮೋಟರ್ ದೊಡ್ಡದಾದರೆ ಏನೂ ಆಗುವುದಿಲ್ಲ, ಯಾಕೆಂದರೆ ಪಂಪು ನೀರನ್ನು ನಿಜವಾಗಿ ಎಳೆಯುವುದೇ ಇಲ್ಲ. ಪಂಪಿನೊಳಗಿನ ಚಕ್ರ, ಅಂದರೆ ಇಂಪೆಲ್ಲರ್, ತಿರುಗಿ ನೀರನ್ನು ಹೊರಕ್ಕೆ ಎಸೆದಾಗ ಅದರ ನಡುವೆ ಒತ್ತಡ ಇಳಿಯುತ್ತದೆ, ಆಗ ಬಾವಿ ನೀರಿನ ಮೇಲಿರುವ ಗಾಳಿಯ ಒತ್ತಡವೇ ನೀರನ್ನು ಪೈಪಿನೊಳಗೆ ಮೇಲಕ್ಕೆ ತಳ್ಳುತ್ತದೆ. ಆ ಗಾಳಿಯ ತಾಕತ್ತು ಸಮುದ್ರಮಟ್ಟದಲ್ಲೂ ಹೆಚ್ಚೆಂದರೆ ಸುಮಾರು 10.3 ಮೀಟರ್. ಪೈಪು, ಬೆಂಡು, ವಾಲ್ವಿನಲ್ಲಿ ಹೋಗುವುದನ್ನು ಕಳೆದರೆ 7 ಮೀಟರ್ ಸಿಕ್ಕರೆ ಪುಣ್ಯ. ಆ ಗರಗರ ಶಬ್ದವೂ ಅದಕ್ಕೇ. ಒತ್ತಡ ತೀರಾ ಇಳಿದು ನೀರು ತಣ್ಣಗಿದ್ದಾಗಲೇ ಕುದಿದು ಗುಳ್ಳೆ ಏಳುತ್ತದೆ, ಆ ಗುಳ್ಳೆಗಳು ಒಡೆದು ಇಂಪೆಲ್ಲರನ್ನೇ ತಿನ್ನುತ್ತವೆ.

ಇಲ್ಲಿಗೆ ಬೇಕಿದ್ದದ್ದು ಸಬ್‌ಮರ್ಸಿಬಲ್. ಅದು ನೀರಿನಲ್ಲೇ ಮುಳುಗಿ ಕೆಳಗಿನಿಂದ ತಳ್ಳುತ್ತದೆ, ಎಳೆಯುವ ತಾಪತ್ರಯವೇ ಇಲ್ಲ. ಇಲ್ಲವೇ ಜೆಟ್ ಪಂಪು, ಒಂದಿಷ್ಟು ನೀರನ್ನು ವಾಪಸ್ ಕೆಳಗೆ ಬಿಟ್ಟು ಅದರ ರಭಸದಲ್ಲೇ ಮಿಕ್ಕ ನೀರನ್ನು ಮೇಲೆ ಕಳಿಸುವಂಥದ್ದು. ಆಳದ ಬೋರಿನ ಕೈಪಂಪಿನಲ್ಲೂ ಸಿಲಿಂಡರ್ ಇರುವುದು ಕೆಳಗೆ ನೀರಿನಲ್ಲೇ, ಸುಮ್ನೆ ಅಲ್ಲ.

ಈಗ ಶಾಫ್ಟ್ ಹತ್ತಿರ ನೀರು ಜಿನುಗುತ್ತಿದೆ, ಸೀಲ್ ಹೋಗಿದೆ. ‘ನೀರಿಲ್ಲದೆ ಓಡಿಸಿದ್ದೀರಿ, ವಾರಂಟಿ ಬರಲ್ಲ’ ಅನ್ನಬೇಡಿ. ನೀರು ಏರದ ಪಂಪು ಕೊಟ್ಟವರು ನೀವು.

ಇದನ್ನು ವಾಪಸ್ ತೆಗೆದುಕೊಂಡು ಸಬ್‌ಮರ್ಸಿಬಲ್ ಕೊಡಿ, ವ್ಯತ್ಯಾಸದ ಹಣ ನಾನು ಕೊಡುತ್ತೇನೆ. ಆಗದಿದ್ದರೆ ಪೂರ್ತಿ ಹಣ ಕೊಡಿ. ಪೆಟ್ಟಿಗೆ ಮೇಲೆ ಹೆಡ್ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಸಕ್ಷನ್, ಅಂದರೆ ಕೆಳಗಿನಿಂದ ಎಳೆಯುವುದು, ಎಷ್ಟು ಮೀಟರ್ ಅಂತಲೂ ಹಾಕಿ.

ಬಿಲ್, ಆರ್ಡರ್ ಫಾರಂ, ಶಬ್ದದ ವಿಡಿಯೊ ಜೊತೆಗಿವೆ. ಮೂರನೇ ಟೆಕ್ನಿಷಿಯನ್ ಬರುವುದಾದರೆ ಹೊಸ ಪಂಪು ಹಿಡಿದುಕೊಂಡೇ ಬರಲಿ.

ಇಂತಿ,
ನಿಮ್ಮ ಗ್ರಾಹಕ