ಹೊರಬಣ್ಣದ ಕರಾರಿನಲ್ಲಿ ಗೋಡೆಯ ತಯಾರಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಕಾರವಾರ, ಅಂಕೋಲಾ, ಕುಮಟಾ ಭಾಗದ ಅನೇಕ ಮನೆಗಳಲ್ಲಿ ಚೌತಿಯೊಳಗೆ ಹೊರಗೋಡೆಗೆ ಹೊಸ ಬಣ್ಣ ಹೊಡೆಸಬೇಕೆಂಬ ಆತುರ ಕಾಣುತ್ತದೆ. ಗಣಪತಿ ಕೂರುವ ಮನೆ ಚೆಂದ ಕಾಣಲೆಂಬ ಆಸೆ ಸಹಜವಾದದ್ದೇ. ಆದರೆ ಜೂನ್‌ನಿಂದ ನೆನೆದ ಗೋಡೆಗೆ, ಮಳೆ ನಾಲ್ಕು ದಿನ ಬಿಡುವು ಕೊಟ್ಟಿತೆಂದು ಬಣ್ಣ ಬಳಿಸುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಗೋಡೆಯೊಳಗಿನ ತೇವ ಹೊರಬರುವಾಗ ಕಲ್ಲು, ಗಾರೆಗಳಲ್ಲಿನ ಲವಣವನ್ನೂ ಕರಗಿಸಿ ತರುತ್ತದೆ. ಆ ಲವಣ ಬಣ್ಣದ ಪದರಿನಡಿ ಹರಳುಗಟ್ಟಿದಾಗ ಮೊದಲು ಗುಳ್ಳೆ ಏಳುತ್ತದೆ, ಆಮೇಲೆ ಬಣ್ಣ ಹಕ್ಕಳೆಯಾಗಿ ಉದುರುತ್ತದೆ. ನಮ್ಮ ಚಿರೆಕಲ್ಲು ರಂಧ್ರಗಳಿಂದ ಕೂಡಿದ್ದು, ಹೀರಿದ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ನೈಋತ್ಯ ಮುಂಗಾರಿನ ಹೊಡೆತವೂ ಕಡಲಿನ ಉಪ್ಪುಗಾಳಿಯೂ ನೇರವಾಗಿ ತಾಗುವ ಪಡುವಣ ಗೋಡೆಯಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಅದರಲ್ಲೂ ಬೆಳಗಿನ ಇಬ್ಬನಿ ಆರಿದ ಮೇಲೆ ಮಾಡಿಸುವ ಕೆಲಸವೇ ಬಾಳಿಕೆ ಬರುವಂಥದ್ದು. ಹೊಸ ಪ್ಲಾಸ್ಟರ್ ಆಗಿದ್ದರಂತೂ ಕನಿಷ್ಠ 28 ದಿನ ಕಾಯಲೇಬೇಕು.

ಇದಕ್ಕಿಂತ ಮುಖ್ಯವಾದದ್ದು ನಾವು ಕೆಲಸ ವಹಿಸುವ ರೀತಿ. ಪೇಂಟರ್ ಬಂದೊಡನೆ ನಾವು ಕೇಳುವುದು 'ಚದರಡಿಗೆ ಎಷ್ಟು?' ಎಂದು ಮಾತ್ರ. ಕಿಟಕಿ, ಬಾಗಿಲುಗಳ ಅಳತೆಯನ್ನು ಕಳೆದಿದ್ದಾರೆಯೇ ಎಂಬುದನ್ನೂ ವಿಚಾರಿಸುವುದಿಲ್ಲ. ಹೀಗೆ ದರವೊಂದನ್ನೇ ಜಗ್ಗಿದರೆ ಕಣ್ಣಿಗೆ ಕಾಣದ ಕೆಲಸಕ್ಕೇ ಕತ್ತರಿ ಬೀಳುತ್ತದೆ: ಹಾವಸೆಯನ್ನು ಉಜ್ಜಿ, ಶಿಲೀಂಧ್ರನಾಶಕ ದ್ರಾವಣ ಹಚ್ಚಿ, ತೊಳೆದು ಒಣಗಿಸುವ ಬದಲು ಒಣ ಬ್ರಷ್ ಆಡಿಸಿ ಮುಗಿಸುತ್ತಾರೆ, ಬಿರುಕು ತುಂಬುವುದಿಲ್ಲ, ಒಳಗೋಡೆಯ ಪುಟ್ಟಿಯನ್ನೇ ಹೊರಗೂ ಮೆತ್ತುತ್ತಾರೆ, ಬಣ್ಣಕ್ಕೆ ಡಬ್ಬಿಯ ಮೇಲೆ ಹೇಳಿದ್ದಕ್ಕಿಂತ ಹೆಚ್ಚು ನೀರು ಬೆರೆಸುತ್ತಾರೆ. ಇದರಲ್ಲಿ ಪೇಂಟರ್‌ನ ಪಾಲೆಷ್ಟೋ ಚೌಕಾಸಿ ಮಾಡುವ ಮನೆಯವರ ಪಾಲೂ ಅಷ್ಟೇ ಎಂಬುದು ನನ್ನ ದೃಢ ಅಭಿಪ್ರಾಯ. ಆದ್ದರಿಂದ ತೊಳೆಯುವುದು, ಒಣಗಲು ಬಿಡುವ ದಿನಗಳು, ಪ್ರೈಮರ್, ಕೋಟುಗಳ ಸಂಖ್ಯೆ, ಬಣ್ಣದ ಹೆಸರು ಮತ್ತು ದರ್ಜೆ, ಕಿಟಕಿಯ ಸರಳುಗಳ ತುಕ್ಕು ಕೆರೆದು ರೆಡ್ ಆಕ್ಸೈಡ್ ಹಚ್ಚುವುದು, ಇವೆಲ್ಲವನ್ನೂ ಕಾಗದದ ಮೇಲೆ ಬರೆಸಿಕೊಂಡು, ಕೆಲಸ ಮುಗಿದಂತೆ ಕಂತಿನಲ್ಲಿ ಹಣ ಕೊಡುವುದು ಇಬ್ಬರಿಗೂ ಒಳ್ಳೆಯದು. ಡಬ್ಬಿಗಳನ್ನು ಮನೆಯವರ ಎದುರೇ ಒಡೆಯಲಿ. ಸಾಧ್ಯವಿದ್ದರೆ, ಅದೇ ಪೇಂಟರ್ ಕನಿಷ್ಠ ಎರಡು ಮಳೆಗಾಲದ ಹಿಂದೆ ಮುಗಿಸಿದ ಮನೆಯ ಪಡುವಣ ಗೋಡೆಯನ್ನು ಒಮ್ಮೆ ನೋಡಿ ಬನ್ನಿ; ಮೊನ್ನೆ ಮುಗಿಸಿದ ಮನೆ ಯಾವುದನ್ನೂ ಹೇಳುವುದಿಲ್ಲ.

ಕೆಲಸಗಾರರ ಸುರಕ್ಷತೆಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಎರಡನೇ ಮಹಡಿಯ ಎತ್ತರದಲ್ಲಿ ಬಿದಿರಿನ ಸಾರುವೆಯ ಮೇಲೆ ಬೆಲ್ಟಿಲ್ಲದೆ ನಿಂತ ಹುಡುಗರನ್ನು ನೋಡಿದಾಗ ಎದೆ ನಡುಗುತ್ತದೆ. ಗಟ್ಟಿಯಾದ ಸಾರುವೆ, ಬೆಲ್ಟು, ಹೆಲ್ಮೆಟ್‌ಗಳ ವೆಚ್ಚವನ್ನು ಅಂದಾಜು ಪಟ್ಟಿಯಲ್ಲೇ ಸೇರಿಸಿ ಮನೆಯವರು ಭರಿಸಬೇಕು. ಗೃಹಬಳಕೆಯ ಬಣ್ಣಗಳಲ್ಲಿ ವಿಷಕಾರಿ ಸೀಸವನ್ನು 90 ಪಿಪಿಎಂಗೆ (ಹತ್ತು ಲಕ್ಷ ಭಾಗದಲ್ಲಿ 90 ಭಾಗಕ್ಕೆ) ಮಿತಿಗೊಳಿಸಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಹೆಚ್ಚಿರಬಹುದಾದ್ದರಿಂದ, ಅದರ ಧೂಳು ಏಳದಂತೆ ಒದ್ದೆ ಮಾಡಿಕೊಂಡು, ಮಾಸ್ಕ್ ಧರಿಸಿಯೇ ಕೆರೆಯಬೇಕು, ಮಕ್ಕಳನ್ನು ದೂರವಿಡಬೇಕು. ಬಣ್ಣ ಬಳಿಯುವವರೂ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಹಿಂದಿನ ವರ್ಷದಲ್ಲಿ 90 ದಿನ ದುಡಿದದ್ದಕ್ಕೆ ದೃಢೀಕರಣ ಬೇಕಾಗುವುದರಿಂದ, ನಮ್ಮ ಮನೆಯಲ್ಲಿ ಅವರು ದುಡಿದ ದಿನಗಳನ್ನು ಬರೆದು ಸಹಿ ಹಾಕಿಕೊಡಲು ಯಾರೂ ಹಿಂಜರಿಯಬಾರದೆಂದು ಕೋರುತ್ತೇನೆ.

– ಓದುಗರೊಬ್ಬರು, ಕೋಡಿಬಾಗ, ಕಾರವಾರ