ಹೆಲಿಪ್ಯಾಡಿನ ಕಸ ಗುಡಿಸಲು ದೆಹಲಿಯ ಅಪ್ಪಣೆ ಬೇಕಿಲ್ಲ

ಮಾನ್ಯ ಸಂಪಾದಕರೇ,

ವಿಮಾನಯಾನ ಸುರಕ್ಷತೆಯ ಪ್ರಶ್ನೆ ಎದ್ದಾಗಲೆಲ್ಲ ‘ಅದು ಕೇಂದ್ರದ ವಿಷಯ’ ಎಂಬ ಸಿದ್ಧ ಉತ್ತರ ನಮ್ಮಲ್ಲಿದೆ. ಸಂವಿಧಾನದ ಮಟ್ಟಿಗೆ ಈ ಮಾತು ಸರಿ. ವಾಯುಯಾನ ಕೇಂದ್ರ ಪಟ್ಟಿಗೆ ಸೇರಿದ್ದು. ಪರವಾನಗಿ, ತಪಾಸಣೆಗಳು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಕೈಯಲ್ಲಿವೆ. ಆದರೆ ಗಣ್ಯರ ಪ್ರಯಾಣಕ್ಕೆ ಹೆಲಿಕಾಪ್ಟರ್ ಗೊತ್ತುಮಾಡುವುದು, ಅದು ಇಳಿಯುವ ಮೈದಾನಕ್ಕೆ ಬಂದೋಬಸ್ತು ಮಾಡುವುದು, ಬಿದ್ದರೆ ಕಾಡುಮೇಡಿನಲ್ಲಿ ಹುಡುಕುತ್ತಾ ಅಲೆಯುವುದು ಬಹುಮಟ್ಟಿಗೆ ರಾಜ್ಯದ ನೌಕರರೇ.

2023ರ ಮಾರ್ಚ್ 6ರಂದು ಜೇವರ್ಗಿಯಲ್ಲಿ ಬಿ.ಎಸ್. ಯಡಿಯೂರಪ್ಪ ಅವರಿದ್ದ ಹೆಲಿಕಾಪ್ಟರ್ ಇನ್ನೇನು ನೆಲ ಮುಟ್ಟಬೇಕು ಎನ್ನುವಷ್ಟರಲ್ಲಿ ಸುತ್ತಲಿನ ಪ್ಲಾಸ್ಟಿಕ್ ಹಾಳೆಗಳೂ ಚೀಲಗಳೂ ಗಾಳಿಗೆದ್ದು ಹಾರಾಡಿದ್ದರಿಂದ ಪೈಲಟ್ ಅದನ್ನು ಮತ್ತೆ ಮೇಲಕ್ಕೊಯ್ಯಬೇಕಾಯಿತು. ಹೆಲಿಪ್ಯಾಡಿನ ಕಸ ತೆಗೆಸಲು ಯಾವ ಕೇಂದ್ರ ಕಾನೂನೂ ಅಡ್ಡಿಯಾಗಿರಲಿಲ್ಲ. ಬಾಡಿಗೆಯ ವಿಷಯವೂ ಅಷ್ಟೇ: ದರದ ಜೊತೆಗೆ ಹೆಲಿಕಾಪ್ಟರಿನ ನಿರ್ವಹಣೆಯ ದಾಖಲೆ, ಪೈಲಟ್ ಹಾರಾಟ ನಡೆಸಿದ ಗಂಟೆಗಳನ್ನು ಓದಿ ಅರ್ಥಮಾಡಿಕೊಳ್ಳಬಲ್ಲವರೊಬ್ಬರು ಟೆಂಡರ್ ಸಮಿತಿಯಲ್ಲಿರಬೇಕು, ಹವಾಮಾನ ಸರಿಯಿಲ್ಲವೆಂದು ಪೈಲಟ್ ಹೇಳಿದರೆ ಅದೇ ಕೊನೆಯ ಮಾತಾಗಬೇಕು.

ಹುಡುಕಾಟದ ವಿಷಯ ಇನ್ನೂ ಗಂಭೀರ. 2009ರ ಸೆಪ್ಟೆಂಬರ್ 2ರಂದು ನಲ್ಲಮಲ ಕಾಡಿನ ಮೇಲೆ ಕಾಣೆಯಾದ ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರ ಹೆಲಿಕಾಪ್ಟರ್ ಪತ್ತೆಯಾದದ್ದು ಮರುದಿನ ಬೆಳಿಗ್ಗೆ. 2011ರ ಏಪ್ರಿಲ್ 30ರಂದು ತವಾಂಗ್‌ನಿಂದ ಹೊರಟ ಅರುಣಾಚಲದ ಮುಖ್ಯಮಂತ್ರಿ ದೋರ್ಜಿ ಖಂಡು ಅವರ ಹೆಲಿಕಾಪ್ಟರಿನ ಅವಶೇಷ ಸಿಕ್ಕಿದ್ದು ಐದನೆಯ ದಿನ. ಮುಖ್ಯಮಂತ್ರಿಗಳ ಗತಿಯೇ ಹೀಗಾದರೆ ತರಬೇತಿ ವಿಮಾನದಲ್ಲಿ ಒಬ್ಬಂಟಿಯಾಗಿ ಹಾರುವ ವಿದ್ಯಾರ್ಥಿಯ ಪಾಡೇನು?

ಅಪಘಾತಕ್ಕೀಡಾದ ವಿಮಾನದ ಬೀಕನ್ (ತುರ್ತು ಸಂಕೇತ ಕಳಿಸುವ ರೇಡಿಯೊ ಸಾಧನ) 406 ಮೆಗಾಹರ್ಟ್ಸ್‌ನಲ್ಲಿ ಕಳಿಸುವ ಸಂಕೇತವನ್ನು ಉಪಗ್ರಹಗಳ ಮೂಲಕ ಪಡೆಯುವ ಭಾರತದ ಕೇಂದ್ರ ಇರುವುದು ಬೆಂಗಳೂರಿನಲ್ಲಿ, ಇಸ್ರೊದ ಅಧೀನದಲ್ಲಿ. ದಕ್ಷಿಣ ಭಾಗದಲ್ಲಿ ಶೋಧವನ್ನು ಸಮನ್ವಯಗೊಳಿಸುವ ಕೇಂದ್ರ ಚೆನ್ನೈನಲ್ಲಿದೆ. ಬೀಕನ್‌ನಲ್ಲಿ ಜಿಪಿಎಸ್ ಇಲ್ಲದಿದ್ದರೆ ಸ್ಥಾನದ ಅಂದಾಜು ಕೆಲವು ಕಿಲೋಮೀಟರ್ ಆಚೀಚೆ ಆಗಬಹುದು, ಮತ್ತು ಪಶ್ಚಿಮ ಘಟ್ಟದಲ್ಲಿ ಕೆಲವು ಕಿಲೋಮೀಟರ್ ಎಂದರೆ ಎರಡು ಕಣಿವೆ, ಒಂದು ಹೊಳೆ. ಆಷಾಢದ ಮಂಜಿನಲ್ಲಿ ಮೇಲಿನಿಂದ ನೋಡುವವರಿಗೆ ಹಸಿರು ಚಾವಣಿಯ ಹೊರತು ಏನೂ ಕಾಣದು. ಅಲ್ಲಿ ದಾರಿ ಗೊತ್ತಿರುವುದು ಕಳ್ಳಬೇಟೆ ತಡೆ ಶಿಬಿರದಿಂದ ದಿನವೂ ಗಸ್ತು ನಡೆಯುವ ಅರಣ್ಯ ವಾಚರ್‌ಗೆ. ಚೆನ್ನೈನ ಸಂದೇಶ ಆತನ ವೈರ್‌ಲೆಸ್ ಸೆಟ್ ತಲುಪಲು ಎಷ್ಟು ಕೈ ದಾಟಬೇಕು ಎಂಬುದನ್ನು ಸರ್ಕಾರ ಒಮ್ಮೆಯಾದರೂ ಅಳೆದು ನೋಡಲಿ.

ಮಂಗಳೂರಿನಲ್ಲಿ 2010ರ ಮೇ 22ರಂದು 158 ಮಂದಿ ಸತ್ತ ವಿಮಾನ ಬಿದ್ದದ್ದು ನಿಲ್ದಾಣದ ರನ್‌ವೇಯಾಚೆಯ ಕಣಿವೆಯಲ್ಲಿ. ಆದ್ದರಿಂದ ಅಣಕು ಕಾರ್ಯಾಚರಣೆಗಳು ನಿಲ್ದಾಣದ ಗೋಡೆಯೊಳಗೇ ಮುಗಿಯಬಾರದು. ಮುಂದಿನ ಮಳೆಗಾಲಕ್ಕೆ ಮೊದಲು ಆಗುಂಬೆಯ ಕಾಡಿನಲ್ಲಿ ತರಬೇತಿ ಬೀಕನ್ ಒಂದನ್ನು ಬಚ್ಚಿಟ್ಟು, ಅದನ್ನು ಹುಡುಕಲು ಪೊಲೀಸ್, ಅರಣ್ಯ ಮತ್ತು ಅಗ್ನಿಶಾಮಕ ಇಲಾಖೆಗಳಿಗೆ ಎಷ್ಟು ಗಂಟೆ ಬೇಕಾಯಿತೆಂಬುದನ್ನು ಸರ್ಕಾರ ಮುಚ್ಚುಮರೆಯಿಲ್ಲದೆ ಪ್ರಕಟಿಸಲಿ.

ಇತಿ,
ತಮ್ಮ ಓದುಗ