ಮಂಜುಗಡ್ಡೆಗೆ ಸ್ವೆಟರ್ ಹೊದಿಸಿದವರಿಗೆ ಒಂದಿಷ್ಟು ನೆರವು

ಆತ್ಮೀಯರೇ,

ಹೋದ ತಿಂಗಳು ನಮ್ಮ ಶಾಲೆಯ ನಾಲ್ಕನೇ ತರಗತಿಯಲ್ಲಿ ಸಣ್ಣ ಜಗಳವೇ ಆಯಿತು. ಒಂದೇ ಅಳತೆಯ ಎರಡು ಮಂಜುಗಡ್ಡೆ ತುಂಡು ತಂದು, ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದೆವು. ಒಂದನ್ನು ತಟ್ಟೆಯಲ್ಲಿ ಹಾಗೇ ಇಟ್ಟೆವು. ಇನ್ನೊಂದನ್ನು ದಪ್ಪ ಉಣ್ಣೆಯ ಸ್ವೆಟರಿನಲ್ಲಿ ಸುತ್ತಿದೆವು. ಯಾವುದು ಬೇಗ ಕರಗುತ್ತೆ?

"ಸ್ವೆಟರ್ ಒಳಗಿಂದೇ. ಸ್ವೆಟರ್ ಬಿಸಿ ಅಲ್ವಾ!" ಹೆಚ್ಚುಕಡಿಮೆ ಎಲ್ಲರದೂ ಇದೇ ಮಾತು.

ಊಟದ ಬಿಡುವು ಮುಗಿಸಿ ಬಂದು ನೋಡಿದರೆ ತಟ್ಟೆಯದು ಬಹುಪಾಲು ನೀರು. ಸ್ವೆಟರ್ ಒಳಗಿನದು ಇನ್ನೂ ಗಟ್ಟಿಯಾಗಿ ಕೂತಿದೆ. ಒಬ್ಬ ಹುಡುಗ ಎದ್ದು ನಿಂತು, "ಮಿಸ್, ಈ ಸ್ವೆಟರ್ ಕೆಟ್ಟಿದೆ" ಅಂದ.

ಟೀಚರ್ ನಗಲಿಲ್ಲ, ಉತ್ತರವನ್ನೂ ಹೇಳಲಿಲ್ಲ. "ಕೆಟ್ಟಿದೆಯಾ ಅಂತ ಹೇಗೆ ನೋಡೋಣ?" ಎಂದು ಕೇಳಿ ಸುಮ್ಮನಾದರು. ಚರ್ಚೆಯಾಗಿ, ಖಾಲಿ ಸ್ವೆಟರಿನೊಳಗೆ ಥರ್ಮಾಮೀಟರ್ ಇಡೋದು ಅಂತ ತೀರ್ಮಾನವಾಯಿತು. ಒಳಗೂ 26 ಡಿಗ್ರಿ, ಹೊರಗೂ 26. ತುಂಬಾ ಹೊತ್ತಿನ ಮೇಲೆ ಮೂಲೆಯಿಂದ ಒಬ್ಬಳು ಹೇಳಿದಳು: "ಅದು ಬಿಸಿ ಮಾಡಲ್ಲ. ಬಿಸೀನ ಆಚೀಚೆ ಹೋಗೋಕೆ ಬಿಡಲ್ಲ, ಅಷ್ಟೆ."

ಪಾಠದಲ್ಲಿ ಇದು ಒಂದು ಸಾಲು. ಬಾಯಿಪಾಠ ಮಾಡಿಸಲು ಐದು ನಿಮಿಷ ಸಾಕು. ನಮಗೆ ಎರಡು ಪೀರಿಯಡ್ ಹಿಡಿಯಿತು, ಅದಕ್ಕೆ ಬೇಜಾರಿಲ್ಲ. ಬೇಜಾರು ಬೇರೆಯದಕ್ಕೆ. 34 ಮಕ್ಕಳಿಗೆ ಇದ್ದದ್ದು ಒಂದೇ ಥರ್ಮಾಮೀಟರ್. ಮುಂದಿನವರು ಓದಿ ಹೇಳಿದರು, ಹಿಂದಿನ ಬೆಂಚಿನವರು ಕೇಳಿ ಬರೆದುಕೊಂಡರು. ಕೇಳಿ ಬರೆಯುವುದಾದರೆ ಪುಸ್ತಕವೇ ಸಾಕಿತ್ತಲ್ಲ?

ಈ ಪತ್ರ ಬರೆಯುತ್ತಿರುವುದು ಅದಕ್ಕೇ. ನಮಗೆ ದೊಡ್ಡ ಪ್ರಯೋಗಾಲಯ ಬೇಡ. ಗಾಜಿನ ಬೀರುವಿನಲ್ಲಿ ಬೀಗ ಹಾಕಿಟ್ಟ ವಿಜ್ಞಾನ ನಮ್ಮಲ್ಲಿ ಈಗಾಗಲೇ ಇದೆ! ಬೇಕಿರುವುದು ಸಣ್ಣ ಸಾಮಾನು, ಆದರೆ ಜಾಸ್ತಿ ಸಂಖ್ಯೆಯಲ್ಲಿ. ನಾಲ್ಕು ಮಕ್ಕಳಿಗೆ ಒಂದು ಥರ್ಮಾಮೀಟರ್ (ಕೆಂಪು ದ್ರವದ್ದು, ಪಾದರಸದ್ದು ಒಡೆದರೆ ಅಪಾಯ), ಇಬ್ಬರಿಗೊಂದು ಭೂತಗನ್ನಡಿ, ಬ್ಯಾಟರಿ ಸೆಲ್, ಟಾರ್ಚ್ ಬಲ್ಬ್, ವೈರ್, ಅಯಸ್ಕಾಂತ, ಸ್ಟಾಪ್‌ವಾಚ್.

ಸ್ಟಾಪ್‌ವಾಚ್ ಯಾಕೆ ಅಂತೀರಾ? ದಾರಕ್ಕೆ ಕಲ್ಲು ಕಟ್ಟಿ ತೂಗಿಬಿಡಿ. ದಾರ 25 ಸೆಂಟಿಮೀಟರ್ ಇದ್ದರೆ ಹತ್ತು ಸಲ ಹೋಗಿ ಬರಲು ಸುಮಾರು 10 ಸೆಕೆಂಡ್. 1 ಮೀಟರ್ ಇದ್ದರೆ ಸುಮಾರು 20. ಕಲ್ಲಿನ ತೂಕ ಹೆಚ್ಚು ಮಾಡಿದರೆ? ಏನೂ ಬದಲಾಗಲ್ಲ. ದೊಡ್ಡವರೂ ಇದನ್ನು ಸುಲಭಕ್ಕೆ ನಂಬಲ್ಲ. ಪ್ರತಿ ಗುಂಪೂ ತಾನೇ ಎಣಿಸಿ, ತಪ್ಪಿ, ಮತ್ತೆ ಎಣಿಸಿದಾಗ ಮಾತ್ರ ಮಕ್ಕಳು ನಂಬುತ್ತಾರೆ.

ದೇಣಿಗೆಯ ಒಂದು ಪಾಲು ಶಿಕ್ಷಕರ ತರಬೇತಿಗೆ ಹೋಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇವೆ, ಯಾಕೆಂದರೆ ಸಾಮಾನು ಕೊಡಲು ಒಪ್ಪುವವರು ಇದಕ್ಕೆ ಹಿಂದೆಮುಂದೆ ನೋಡುತ್ತಾರೆ. ಅಮೆರಿಕದ ಶಿಕ್ಷಣ ತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟ ಒಂದು ವಿಷಯ ಇದೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದವರೂ ಮಾತಾಡುತ್ತಾರೆ. ನಾವೂ ಮಾಡಿ ನೋಡಿದೆವು. ತರಗತಿಯ ಮುಂದೆ ಸುಮ್ನೆ ನಿಂತರೆ 3 ಸೆಕೆಂಡ್ ಯುಗದಂತೆ ಅನಿಸುತ್ತೆ. ಉತ್ತರ ಗೊತ್ತಿದ್ದೂ ಹೇಳದೆ ಇರುವುದಕ್ಕೆ ಅಭ್ಯಾಸ ಬೇಕು, ಜೊತೆಗೆ ಕೂತು ತಿದ್ದುವವರು ಬೇಕು.

ಹಣವಾಗಿ ಕೊಡುವವರು ಶಾಲೆಯ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಿರಿ. ಮೊತ್ತ ಎಷ್ಟಾದರೂ ಸರಿ. ಖರ್ಚಿನ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕುತ್ತೇವೆ. ಸಾಮಾನು ಕೊಡುವವರು ಮೊದಲು ಒಂದು ಮಾತು ಕೇಳಿ, ಒಂದೇ ವಸ್ತು ರಾಶಿ ಬೀಳದಿರಲಿ. ಸೆಕೆಂಡ್ ಮುಳ್ಳು ಓಡುವ ಹಳೇ ಗಡಿಯಾರವೂ ಆಗುತ್ತದೆ.

ಹಳೇ ಸ್ವೆಟರ್ ಇದ್ದರೂ ಕಳಿಸಿ. ಕೆಟ್ಟಿದೆಯೋ ಇಲ್ಲವೋ, ನಾಲ್ಕನೇ ತರಗತಿಯವರು ನೋಡಿ ಹೇಳುತ್ತಾರೆ.

ಇಂತಿ ನಿಮ್ಮ,
ಶಾಲೆಯ ಶಿಕ್ಷಕರು ಮತ್ತು ಪೋಷಕರು